ಕರೆಂಟು ಕೊಡಿಸುವ ಮೊದಲು: ಮೋಲ್ಡ್ ದಿನಕ್ಕೆ ಮುಂಚೆ ಏನೇನು, ಯಾವ ಕ್ರಮದಲ್ಲಿ

ಕ್ಯಾನ್ಸರಿಗೆ ರೇಡಿಯೇಷನ್ ಕೊಡುವ ಮೊದಲು ಮೈಯ ಅಚ್ಚು ತೆಗೆದು ಸಿ.ಟಿ. ಸ್ಕ್ಯಾನ್ ಮಾಡುವುದಕ್ಕೆ ‘ಮೋಲ್ಡ್’ ಎನ್ನುತ್ತಾರೆ. ಮೋಲ್ಡ್ ತೆಗೆಸಲೆಂದು ಬೆಳಗಿನ ರೈಲು ಹಿಡಿದು ಮಂಗಳೂರಿಗೆ ಹೋದವರು ಕೆಲಸವಾಗದೆ ಸಂಜೆ ವಾಪಸಾಗುವುದು ಕಾಸರಗೋಡು ಕಡೆ ಹೊಸತಲ್ಲ. ಕಾರಣಗಳೂ ಹೆಚ್ಚು ಕಡಿಮೆ ಅವೇ. ಹುಳುಕು ಹಲ್ಲು ಬಾಯಲ್ಲಿ ಹಾಗೇ ಇದೆ. ಕಿಡ್ನಿ ಹೇಗಿದೆ ಎಂದು ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆಯ ರಿಪೋರ್ಟ್ ಇಲ್ಲ. ಹೊಟ್ಟೆ ತುಂಬ ತಿಂಡಿ ತಿಂದು ಬಂದಿದ್ದಾರೆ. ಗಡ್ಡ ತೆಗೆದಿಲ್ಲ. ಆರೋಗ್ಯ ವಿಮೆಯ ಕಾರ್ಡಿನ ಅನುಮತಿ ಇನ್ನೂ ಬಂದಿಲ್ಲ. ಒಂದೊಂದೂ ಸಣ್ಣ ವಿಷಯವೇ, ಆದರೆ ಒಂದೊಂದಕ್ಕೂ ಒಂದು ವಾರ ಹೋಗುತ್ತದೆ.

ರೇಡಿಯೇಷನ್ನಿಗೆ ನಮ್ಮಲ್ಲಿ ‘ಕರೆಂಟು ಕೊಡುವುದು’ ಎನ್ನುತ್ತಾರೆ. ಹೆಸರು ಹಾಗಿದ್ದರೂ ಶಾಕ್ ಇಲ್ಲ, ಕೊಡುವಾಗ ನೋವೂ ಇಲ್ಲ, ಎಕ್ಸ್-ರೇ ತೆಗೆಸಿದಷ್ಟೇ ಅನುಭವ. ಆದರೆ ಅದು ಮಿಲಿಮೀಟರ್ ಲೆಕ್ಕದ ಕೆಲಸ. ಮೋಲ್ಡ್ ದಿನ ದೇಹ ಹೇಗಿತ್ತೋ ಮುಂದಿನ ಎಲ್ಲ ಸಿಟ್ಟಿಂಗ್‌ಗಳಲ್ಲೂ (ಒಂದು ಸಲ ಕೊಡುವುದು ಒಂದು ಸಿಟ್ಟಿಂಗ್) ಮೇಜಿನ ಮೇಲೆ ಹಾಗೆಯೇ ಇರಬೇಕು: ಅದೇ ತೂಕ, ಅದೇ ಮುಖ, ಮೂತ್ರಕೋಶದಲ್ಲಿ ಅಷ್ಟೇ ನೀರು. ದೇಹದಲ್ಲಿ ಬದಲಾಗಬೇಕಾದ್ದು ಏನಿದ್ದರೂ ಮೋಲ್ಡ್‌ಗೆ ಮೊದಲೇ ಆಗಿಬಿಡಬೇಕು. ಕೆಳಗಿನ ಕ್ರಮವೆಲ್ಲ ನಿಂತಿರುವುದು ಈ ಒಂದು ಮಾತಿನ ಮೇಲೆ.

## 1. ದಿನಗಳನ್ನು ಹಿಂದಿನಿಂದ ಲೆಕ್ಕ ಹಾಕಿ

ಬಾಯಿ, ನಾಲಗೆ, ಗಂಟಲಿನ ಆಪರೇಷನ್ ಆದವರಿಗೆ ರೇಡಿಯೇಷನ್ 6 ವಾರದೊಳಗೆ ಶುರುವಾಗಬೇಕು. ಕೇಳುವುದಕ್ಕೆ ಧಾರಾಳ ಸಮಯ ಅನಿಸುತ್ತದೆ. ಲೆಕ್ಕ ಹಾಕಿ ನೋಡಿ: ಮೋಲ್ಡ್ ಆದಮೇಲೆ ಪ್ಲಾನಿಂಗ್‌ಗೆ, ಅಂದರೆ ಕಿರಣ ಎಲ್ಲಿಗೆ ಎಷ್ಟು ಎಂಬ ಲೆಕ್ಕಕ್ಕೆ, 7–10 ದಿನ, ಹಲ್ಲು ಕಿತ್ತರೆ ಹುಣ್ಣು ಮಾಯಲು ಕನಿಷ್ಠ 10–14 ದಿನ. ಅಲ್ಲಿಗೇ ಮೂರೂವರೆ ವಾರ ಹೋಯಿತು. ಹೊಲಿಗೆ ಬಿಚ್ಚಿದ ವಾರವೇ ರೇಡಿಯೇಷನ್ ವಿಭಾಗದ ಡಾಕ್ಟರನ್ನು ಕಾಣದಿದ್ದರೆ ದಿನ ಸಾಲುವುದಿಲ್ಲ.

‘ಆಟಿ ತಿಂಗಳು ಕಳೆಯಲಿ’, ‘ಮನೆಯಲ್ಲಿ ಮದುವೆ ಮುಗಿಯಲಿ’ ಎಂದು ಮುಂದೂಡುವವರು ಈ ಲೆಕ್ಕವನ್ನು ಒಮ್ಮೆ ಕಾಗದದಲ್ಲಿ ಬರೆದು ನೋಡಲಿ. ಮದುವೆಯ ದಿನ ಒಂದು ಸಿಟ್ಟಿಂಗ್ ತಪ್ಪಿದರೆ ಅದಕ್ಕೆ ದಾರಿ ಹುಡುಕಬಹುದು. ಶುರುವಾಗುವುದೇ ಒಂದು ತಿಂಗಳು ತಡವಾದರೆ ಅದನ್ನು ತುಂಬಿಕೊಡಲು ದಾರಿ ಇಲ್ಲ.

ಒಟ್ಟು ಎಷ್ಟು ದಿನ ಎಂಬುದು ಕಾಯಿಲೆಯ ಜಾಗದ ಮೇಲೆ ನಿಂತಿದೆ. ಬಾಯಿ-ಗಂಟಲಿಗೆ ಸಾಮಾನ್ಯವಾಗಿ 30–35 ಸಿಟ್ಟಿಂಗ್, ಗರ್ಭಕಂಠಕ್ಕೆ 25ರ ಆಸುಪಾಸು, ಅದರ ಮೇಲೆ ಒಳಗಿನಿಂದ ಕೊಡುವ ಬ್ರಾಕಿಥೆರಪಿ. ಸ್ತನಕ್ಕೆ ಈಗ ಹಲವು ಕಡೆ 15 ಸಿಟ್ಟಿಂಗ್. ಕಾಯಿಲೆ ಮೂಳೆಗೆ ಹರಡಿದ ನೋವಿಗೆ 1, 5 ಅಥವಾ 10. ವಾರಕ್ಕೆ 5 ದಿನ. ಶನಿವಾರ, ಭಾನುವಾರ ಸಾಮಾನ್ಯವಾಗಿ ರಜೆ.

## 2. ಯಾವ ಊರು, ಯಾವ ಕಾರ್ಡು, ಯಾವ ಹೆಸರು

ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿ.ಮೀ. ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್ ದಕ್ಷಿಣಕ್ಕೆ ಅದರ ಎರಡು ಪಾಲು ದೂರ. ತಿರುವನಂತಪುರ ಕೇರಳದ ಇನ್ನೊಂದು ತುದಿ, ಅಲ್ಲಿಗೆ ಹೋದರೆ ರೂಮು ಮಾಡಿ ನಿಲ್ಲುವುದೇ. ಮಂಜೇಶ್ವರ, ಕುಂಬಳೆ, ಉಪ್ಪಳದವರು ಮಂಗಳೂರಿಗೆ ದಿನಾ ಹೋಗಿ ಬರಬಹುದು. ಕಾಸರಗೋಡು ಪೇಟೆಯಿಂದ ಹೋಗಿ ಬರುವುದಾದರೆ 33 ಸಿಟ್ಟಿಂಗ್‌ಗೆ 3300 ಕಿ.ಮೀ. ಆಗುತ್ತದೆ. ಮೊದಲ ಮೂರು ವಾರ ಅದು ಸಾಧ್ಯ. ಬಾಯಿ ಹುಣ್ಣಾಗಿ ಸುಸ್ತು ಏರುವ ಕೊನೆಯ ಮೂರು ವಾರಕ್ಕೆ ಆಸ್ಪತ್ರೆ ಹತ್ತಿರ ಒಂದು ಕೋಣೆಯನ್ನು ಈಗಲೇ ಮಾತಾಡಿಡಿ. ಅಡ್ಕಸ್ಥಳ, ಪೆರ್ಲ, ಮುಳ್ಳೇರಿಯದ ಒಳಗಿನವರು ಮೊದಲ ದಿನದಿಂದಲೇ ಕೋಣೆ ಮಾಡುವುದು ಒಳ್ಳೆಯದು.

ಕೇರಳದ ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸೌಲಭ್ಯ ಇದೆ. ಮಂಗಳೂರಿಗೆ ಹೋಗುವವರು ಡಾಕ್ಟರಲ್ಲಿ ಕೇಳಿ ಸುಮ್ಮನಾಗಬೇಡಿ. ಆಸ್ಪತ್ರೆಯ ವಿಮಾ ಕೌಂಟರಿನಲ್ಲಿ ಮೂರು ಪ್ರಶ್ನೆ ಕೇಳಿ: ಕೇರಳದ ಕಾರ್ಡು ಇಲ್ಲಿ ನಡೆಯುತ್ತದೆಯೇ, ರೇಡಿಯೇಷನ್‌ಗೂ ನಡೆಯುತ್ತದೆಯೇ, ನನಗೆ ಬರೆದ ವಿಧಾನಕ್ಕೂ ನಡೆಯುತ್ತದೆಯೇ. ಒಂದಕ್ಕೆ ‘ಹೌದು’ ಎಂದರೆ ಮೂರಕ್ಕೂ ಹೌದು ಎಂದಲ್ಲ. ಅನುಮತಿ ಬರುವ ಮೊದಲು ದುಡ್ಡು ಕಟ್ಟಿ ಶುರು ಮಾಡಿದರೆ ಆಮೇಲೆ ಅದನ್ನು ವಾಪಸು ಪಡೆಯುವುದು ಬಹಳ ಕಷ್ಟ.

ಇಲ್ಲಿ ಗಡಿನಾಡಿನವರು ಸಿಕ್ಕಿಬೀಳುವುದು ಹೆಸರಿನಲ್ಲಿ. ಆಧಾರ್‌ನಲ್ಲಿ ಇನಿಷಿಯಲ್ ಹಿಂದೆ, ರೇಷನ್ ಕಾರ್ಡಿನಲ್ಲಿ ಮನೆಹೆಸರು ಮುಂದೆ, ಬಯಾಪ್ಸಿ ರಿಪೋರ್ಟಿನಲ್ಲಿ ಎರಡೂ ಇಲ್ಲ. ಮಲಯಾಳದಲ್ಲಿ ಬರೆದ ಹೆಸರು ಇಂಗ್ಲಿಷಿಗೆ ಬರುವಾಗ ಒಂದಕ್ಷರ ಬೇರೆಯಾಗಿರುತ್ತದೆ. ಮೊದಲ ಸಲ ಚೀಟಿ ಮಾಡಿಸುವಾಗಲೇ ಕಾರ್ಡಿನಲ್ಲಿ ಇರುವಂತೆಯೇ ಹೆಸರು ಕೊಡಿ.

ಫೈಲಿನಲ್ಲಿ ಇರಬೇಕಾದ್ದು: ಬಯಾಪ್ಸಿ ರಿಪೋರ್ಟು, ಆಪರೇಷನ್ ಆಗಿದ್ದರೆ ಅದರ ಡಿಸ್ಚಾರ್ಜ್ ಸಮ್ಮರಿ ಮತ್ತು ತೆಗೆದ ಗಡ್ಡೆಯ ಪೂರ್ತಿ ಪರೀಕ್ಷಾ ವರದಿ, ಸ್ಕ್ಯಾನ್‌ಗಳ ಸಿ.ಡಿ., ಕೀಮೋ ಆಗಿದ್ದರೆ ಯಾವ ದಿನ ಯಾವ ಔಷಧ ಎಂಬ ಪಟ್ಟಿ. ಸ್ಕ್ಯಾನಿನ ರಿಪೋರ್ಟು ಮಾತ್ರ ಸಾಲದು. ಪ್ಲಾನಿಂಗ್ ಮಾಡುವವರಿಗೆ ಬೇಕಾದ್ದು ಚಿತ್ರ.

ರೈಲಿನಲ್ಲಿ ಕ್ಯಾನ್ಸರ್ ರೋಗಿಗೂ ಒಬ್ಬ ಜೊತೆಗಾರರಿಗೂ ರಿಯಾಯಿತಿ ಇದೆ. ಸೆಕೆಂಡ್ ಕ್ಲಾಸಿನಲ್ಲಿ 75%, ಸ್ಲೀಪರ್ ಮತ್ತು ತ್ರೀ ಟಯರ್ ಎ.ಸಿ.ಯಲ್ಲಿ ರೋಗಿಗೆ ಪೂರ್ತಿ. ಅದಕ್ಕೆ ಆಸ್ಪತ್ರೆಯಿಂದ ರೈಲ್ವೆಯ ನಮೂನೆಯಲ್ಲೇ ಸರ್ಟಿಫಿಕೇಟು ಬೇಕು. ಬರೇ ಡಾಕ್ಟರ ಚೀಟಿ ತೋರಿಸಿದರೆ ಕೌಂಟರಿನಲ್ಲಿ ಕೊಡುವುದಿಲ್ಲ.

## 3. ಡಾಕ್ಟರು ಕೇಳದಿದ್ದರೂ ಹೇಳಬೇಕಾದ್ದು

ಹಿಂದೆ ಎಂದಾದರೂ, ಎಲ್ಲಾದರೂ ರೇಡಿಯೇಷನ್ ಆಗಿದ್ದರೆ ಮೊದಲು ಅದನ್ನು ಹೇಳಿ. ಒಂದೇ ಜಾಗಕ್ಕೆ ಎರಡನೆಯ ಸಲ ಕೊಡುವಾಗ ಹಳೆಯ ಡೋಸ್ ಕಳೆದು ಲೆಕ್ಕ ಹಾಕಬೇಕಾಗುತ್ತದೆ. ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಅದರ ಕಾರ್ಡನ್ನು ತೋರಿಸಿ. ಗರ್ಭಿಣಿ ಆಗಿರಬಹುದು ಎಂಬ ಸಣ್ಣ ಸಂಶಯ ಇದ್ದರೂ ಮೋಲ್ಡ್‌ಗೆ ಮೊದಲೇ ಪರೀಕ್ಷೆ ಆಗಬೇಕು. ಮುಂದೆ ಮಕ್ಕಳು ಬೇಕೆಂದಿರುವ ಗಂಡಸರು ಕಿಬ್ಬೊಟ್ಟೆಯ ರೇಡಿಯೇಷನ್‌ಗೆ ಮೊದಲು ವೀರ್ಯ ಶೇಖರಿಸಿಡುವ ಬಗ್ಗೆ ಕೇಳಿ. ಹೆಂಗಸರಿಗೂ ಅಂಡಾಶಯ ಉಳಿಸಿಕೊಳ್ಳುವ ದಾರಿಗಳಿವೆ. ಇವೆಲ್ಲ ಶುರುವಾದ ಮೇಲೆ ಕೇಳಿ ಪ್ರಯೋಜನವಿಲ್ಲ.

ಕಷಾಯ, ಲೇಹ್ಯ, ಭಸ್ಮ, ನಾಟಿಮದ್ದು ಏನಾದರೂ ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡಬೇಡಿ. ‘ಬೈಯುತ್ತಾರೆ’ ಎಂಬ ಹೆದರಿಕೆಯಿಂದಲೇ ಬಹಳ ಜನ ಹೇಳುವುದಿಲ್ಲ. ಜೊತೆಗೆ ಸಿಸ್ಪ್ಲಾಟಿನ್ ಎಂಬ ಕೀಮೋ ಇದ್ದರೆ ಕಿಡ್ನಿಗೆ ಮೊದಲೇ ಹೊರೆ ಇರುತ್ತದೆ. ಅದರ ಮೇಲೆ ಏನೇನು ಸೇರಿದೆ ಎಂದು ತಿಳಿಯದಿದ್ದರೆ ಕ್ರಿಯಾಟಿನಿನ್ ಏರಿದಾಗ ಕಾರಣವೇ ಹೊಳೆಯುವುದಿಲ್ಲ.

## 4. ಹಲ್ಲು: ಮೋಲ್ಡ್‌ಗಿಂತ ಮೊದಲು, ಯಾವತ್ತೂ ಮೊದಲು

ಇದು ಬಾಯಿ, ಗಂಟಲು, ಕತ್ತಿನ ರೇಡಿಯೇಷನ್‌ಗೆ ಹೋಗುವವರಿಗೆ. ಉಳಿದವರು ಮುಂದಿನ ಹಂತಕ್ಕೆ ಹೋಗಬಹುದು.

ರೇಡಿಯೇಷನ್ ಆದ ದವಡೆ ಮೂಳೆಗೆ ರಕ್ತ ಓಡಾಟ ಕಡಿಮೆಯಾಗುತ್ತದೆ. ಆಮೇಲೆ ಹಲ್ಲು ಕಿತ್ತರೆ ಗುಂಡಿ ಮಾಯದೆ ಹೋಗಬಹುದು, ಮೂಳೆ ಹೊರಗೆ ಕಾಣಬಹುದು, ಕೊಳೆಯಲು ತೊಡಗಬಹುದು. ಇದು ಮೂರು ತಿಂಗಳಿಗೂ ಆಗಬಹುದು, ಐದು ವರ್ಷ ಕಳೆದೂ ಆಗಬಹುದು. ಆದ್ದರಿಂದ ಉಳಿಯುವ ಲಕ್ಷಣವಿಲ್ಲದ ಹಲ್ಲುಗಳನ್ನೆಲ್ಲ ಮೊದಲೇ ತೆಗೆಸಬೇಕು.

ಕ್ರಮ ಹೀಗೆ. ಮೊದಲು ಇಡೀ ದವಡೆಯ ಎಕ್ಸ್-ರೇ, ಅಂದರೆ ಓ.ಪಿ.ಜಿ. ಆಮೇಲೆ ಯಾವುದನ್ನು ಕೀಳಬೇಕು, ಯಾವುದನ್ನು ತುಂಬಬೇಕು ಎಂಬ ಪಟ್ಟಿ. ಕೀಳುವುದನ್ನೆಲ್ಲ ಆದಷ್ಟು ಒಂದೇ ಸಲಕ್ಕೆ ಮುಗಿಸಿ. ನಂತರ ಉಳಿದ ಹಲ್ಲುಗಳ ಸ್ವಚ್ಛತೆ ಮತ್ತು ಫ್ಲೋರೈಡ್. ಕಿತ್ತ ದಿನದಿಂದ ಮೊದಲ ಸಿಟ್ಟಿಂಗ್‌ಗೆ 10–14 ದಿನ ಅಂತರ ಬೇಕು, ಮೂರು ವಾರ ಸಿಕ್ಕರೆ ಇನ್ನೂ ಒಳ್ಳೆಯದು. ಡೆಂಟಿಸ್ಟ್ ಹತ್ತಿರ ‘ಹಲ್ಲುನೋವು’ ಎಂದು ಹೇಳಬೇಡಿ. ‘ಇಂಥ ತಾರೀಕಿಗೆ ಕತ್ತಿಗೆ ರೇಡಿಯೇಷನ್ ಶುರು’ ಎಂದು ಹೇಳಿ. ಎರಡಕ್ಕೂ ಅವರು ಕೊಡುವ ಚಿಕಿತ್ಸೆ ಬೇರೆ.

ಆಗಾಗ ಆಗುವ ತಪ್ಪು: ಮಾಸ್ಕ್ (ಮೋಲ್ಡ್ ದಿನ ಮುಖದ ಅಳತೆಗೇ ಮಾಡುವ ಪ್ಲಾಸ್ಟಿಕ್ ಅಚ್ಚು) ಮಾಡಿಸಿ, ಪ್ಲಾನಿಂಗ್ ನಡೆಯುವ ಬಿಡುವಿನಲ್ಲಿ ಊರಿಗೆ ಬಂದು ಹಲ್ಲು ಕೀಳಿಸುವುದು. ಕೆನ್ನೆ ಊದಿದರೆ ಮಾಸ್ಕ್ ಕೂರುವುದಿಲ್ಲ, ಇಳಿದರೆ ಸಡಿಲ. ಹುಣ್ಣು ಮಾಯುವವರೆಗೆ ಶುರು ಮಾಡುವ ಹಾಗೂ ಇಲ್ಲ.

ಅಡಿಕೆ ಜಗಿದವರಿಗೆ ಇನ್ನೊಂದು ತೊಂದರೆ ಮೊದಲೇ ಇರುತ್ತದೆ, ಬಾಯಿ ಪೂರ್ತಿ ತೆರೆಯುವುದಿಲ್ಲ. ಅಡಿಕೆ ಬೆಳೆಯುವ ನಾಡಿನಲ್ಲಿ ಇದನ್ನು ಯಾರೂ ಕಾಯಿಲೆ ಎಂದು ಎಣಿಸುವುದಿಲ್ಲ. ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ಇಟ್ಟು ಮುಂದಿನ ಹಲ್ಲುಗಳ ನಡುವೆ ಹೋಗುತ್ತದೆಯೇ ನೋಡಿ. ಹೋಗದಿದ್ದರೆ ವ್ಯಾಯಾಮ ಇಂದೇ ಶುರು ಮಾಡಿ. ಐಸ್‌ಕ್ರೀಂ ಕಡ್ಡಿಗಳನ್ನು ತೊಳೆದು ಒಂದರ ಮೇಲೊಂದು ಜೋಡಿಸಿ, ಹಿಂದಿನ ಹಲ್ಲುಗಳ ನಡುವೆ ಇಟ್ಟು ಕೆಲವು ನಿಮಿಷ ಹಿಡಿಯಬೇಕು, ದಿನಕ್ಕೆ ಐದಾರು ಸಲ. ಇವತ್ತು 12 ಕಡ್ಡಿ ಹೋದರೆ ಅದನ್ನು ಬರೆದಿಡಿ. ರೇಡಿಯೇಷನ್ ಮಧ್ಯೆ 10ಕ್ಕೆ ಇಳಿದರೆ ಬಾಯಿ ಬಿಗಿಯುತ್ತಿದೆ ಎಂದು ಡಾಕ್ಟರಿಗೆ ಹೇಳಲು ಅದಕ್ಕಿಂತ ಒಳ್ಳೆಯ ಅಳತೆ ಇಲ್ಲ.

## 5. ಬೀಡಿ, ತೂಕ, ರಕ್ತ

ಬೀಡಿ, ಸಿಗರೇಟು, ಹೊಗೆಸೊಪ್ಪು ಮೋಲ್ಡ್‌ಗೆ ಮೊದಲೇ ನಿಲ್ಲಬೇಕು. ರೇಡಿಯೇಷನ್ ಕೆಲಸ ಮಾಡಲು ಗಡ್ಡೆಗೆ ಆಮ್ಲಜನಕ ತಲುಪಬೇಕು. ಹೊಗೆ ಅದನ್ನೇ ಕಡಿಮೆ ಮಾಡುತ್ತದೆ. ಅಂದರೆ ಅಡ್ಡಪರಿಣಾಮ ಪೂರ್ತಿ, ಫಲ ಅರೆ. ‘ಹೊಗೆಸೊಪ್ಪು ಬಿಟ್ಟಿದ್ದೇನೆ, ಬರೇ ಅಡಿಕೆ’ ಎನ್ನುವುದು ಬಿಟ್ಟ ಹಾಗಲ್ಲ. ಸುಣ್ಣವೂ ಅಡಿಕೆಯ ಚೂರೂ ಹುಣ್ಣಾದ ಬಾಯಿಯನ್ನು ಕೆರೆಯುತ್ತವೆ.

ಹಿಮೋಗ್ಲೋಬಿನ್ ಕಡಿಮೆ ಇದ್ದರೂ ಆಮ್ಲಜನಕದ ಅದೇ ಕೊರತೆ. ಗರ್ಭಕಂಠದ ಕಾಯಿಲೆಯಲ್ಲಿ ರಕ್ತ ಹೋಗುತ್ತಲೇ ಇರುವುದರಿಂದ 7–8ಕ್ಕೆ ಇಳಿದಿರುವುದು ಸಾಮಾನ್ಯ. 10ರ ಮೇಲೆ ತಂದುಕೊಳ್ಳಲು ರಕ್ತ ಕೊಡಿಸಬೇಕಾಗಬಹುದು. ರಕ್ತ ಕೊಡುವವರನ್ನು ಮೊದಲೇ ಹೇಳಿಟ್ಟುಕೊಳ್ಳಿ.

ತೂಕದ ವಿಷಯದಲ್ಲಿ ಕರಾವಳಿಯವರು ಮೋಸ ಹೋಗುವುದು ಗಂಜಿಯಿಂದ. ಕುಚ್ಚಲಕ್ಕಿ ಗಂಜಿ ನುಂಗಲು ಸುಲಭ, ಹೊಟ್ಟೆಯೂ ತುಂಬುತ್ತದೆ, ಆದರೆ ಬಟ್ಟಲಿನಲ್ಲಿ ಮುಕ್ಕಾಲು ಪಾಲು ನೀರು. 50 ಕಿಲೋ ತೂಕದವರಿಗೆ ದಿನಕ್ಕೆ ಸುಮಾರು 1500 ಕ್ಯಾಲೊರಿ, 60–75 ಗ್ರಾಂ ಪ್ರೋಟೀನ್ ಬೇಕು. ಬರೇ ಗಂಜಿಯಲ್ಲಿ ಅದು ಆಗುವ ಮಾತಲ್ಲ. ಗಂಜಿಯನ್ನು ಬಿಡಬೇಕಿಲ್ಲ, ಬಲಪಡಿಸಬೇಕು. ಹೆಸರುಕಾಳು ಹಾಕಿ ಬೇಯಿಸಿ (50 ಗ್ರಾಂ ಕಾಳಿಗೆ ಸುಮಾರು 12 ಗ್ರಾಂ ಪ್ರೋಟೀನ್), ಒಂದು ಚಮಚ ತುಪ್ಪ ಅಥವಾ ಗಟ್ಟಿ ತೆಂಗಿನಹಾಲು ಸೇರಿಸಿ. ತಿನ್ನುವವರಿಗೆ ಬೇಯಿಸಿದ ಮೊಟ್ಟೆ (ಒಂದಕ್ಕೆ 6 ಗ್ರಾಂ), ಮುಳ್ಳು ಬಿಡಿಸಿದ ಬಂಗುಡೆ. ತಿನ್ನದವರು ದಿನಕ್ಕೆ ಅರ್ಧ ಲೀಟರ್ ಹಾಲು, ಗಟ್ಟಿ ಮೊಸರು ಹೆಚ್ಚಿಸಿಕೊಳ್ಳಿ. ಶುಗರ್ ಇರುವವರು ಅನ್ನ ಕಡಿಮೆ ಮಾಡಿ ಪಥ್ಯಕ್ಕೆ ಕೂರಬೇಡಿ. ಊಟ ಹಾಗೇ ಇರಲಿ, ಮದ್ದನ್ನು ಡಾಕ್ಟರು ಹೊಂದಿಸುತ್ತಾರೆ.

ಈಗಾಗಲೇ ನುಂಗಲು ಆಗದೆ ತೂಕ ಇಳಿಯುತ್ತಿದ್ದರೆ ಮೂಗಿನ ಟ್ಯೂಬು ಅಥವಾ ಹೊಟ್ಟೆಯ ಟ್ಯೂಬಿನ ಬಗ್ಗೆ ಮೋಲ್ಡ್‌ಗೆ ಮೊದಲೇ ಮಾತಾಡಿ. ಟ್ಯೂಬು ಎಂದರೆ ಕೊನೆಗಾಲ ಎಂದು ಮನೆಯ ಹಿರಿಯರು ಅಳುವುದುಂಟು. ಅವರಿಗೆ ಇದು ಸುಮಾರು ಎರಡು-ಮೂರು ತಿಂಗಳ ಏರ್ಪಾಡು ಎಂದು ಮೊದಲೇ ತಿಳಿಸಿ.

ಸ್ತನದ ಆಪರೇಷನ್ ಆದವರ ವ್ಯಾಯಾಮ ಬೇರೆ. ಮೇಜಿನ ಮೇಲೆ ಕೈಯನ್ನು ತಲೆಯ ಮೇಲೆತ್ತಿ 15–20 ನಿಮಿಷ ಹಿಡಿಯಬೇಕು. ಕೈ ಏರದಿದ್ದರೆ ಮೋಲ್ಡ್ ಆಗುವುದಿಲ್ಲ. ಗೋಡೆಯ ಮೇಲೆ ಬೆರಳು ಏರಿಸುವ ಅಭ್ಯಾಸವನ್ನು ದಿನಾ ಮಾಡಿ, ಮುಟ್ಟಿದ ಎತ್ತರಕ್ಕೆ ಪೆನ್ಸಿಲ್ ಗುರುತು ಹಾಕಿ. ಎಡಗಡೆಯಾದರೆ ಹೃದಯ ದೂರ ಸರಿಯಲೆಂದು ಕೆಲವು ಕಡೆ ಉಸಿರು ಬಿಗಿಹಿಡಿದು ಕೊಡುತ್ತಾರೆ; 20–25 ಸೆಕೆಂಡ್ ಹಿಡಿಯುವುದನ್ನು ಮನೆಯಲ್ಲೇ ರೂಢಿ ಮಾಡಿಕೊಳ್ಳಿ.

## 6. ಮೋಲ್ಡ್ ದಿನ

ಹಿಂದಿನ ದಿನ ಫೋನು ಮಾಡಿ ಎರಡು ವಿಷಯ ಖಚಿತ ಮಾಡಿ: ಚಿತ್ರ ಸ್ಪಷ್ಟವಾಗಲೆಂದು ಕಾಂಟ್ರಾಸ್ಟ್ ಇಂಜೆಕ್ಷನ್ ಹಾಕಿ ಸಿ.ಟಿ. ತೆಗೆಯುತ್ತಾರೆಯೇ, ಹೊಟ್ಟೆ ಎಷ್ಟು ಗಂಟೆ ಖಾಲಿ ಇರಬೇಕು. ಇಂಜೆಕ್ಷನ್ ಇದ್ದರೆ ಸಾಮಾನ್ಯವಾಗಿ 3–4 ಗಂಟೆ ಆಹಾರ ಬೇಡ, ಇತ್ತೀಚಿನ ಕ್ರಿಯಾಟಿನಿನ್ ರಿಪೋರ್ಟು ಬೇಕು. ಶುಗರ್‌ಗೆ ಮೆಟ್‌ಫಾರ್ಮಿನ್ ಮಾತ್ರೆ ನುಂಗುವವರು, ಹಿಂದೆ ಸಿ.ಟಿ. ಇಂಜೆಕ್ಷನ್‌ಗೆ ಮೈ ದದ್ದೆದ್ದವರು, ಉಬ್ಬಸ ಇರುವವರು ಮೊದಲೇ ಹೇಳಬೇಕು. ಶುಗರ್‌ಗೆ ಇನ್ಸುಲಿನ್ ಚುಚ್ಚಿಕೊಂಡು ಉಪವಾಸ ಬಂದು ಬೆಂಚಿನಲ್ಲೇ ತಲೆಸುತ್ತಿ ಬೀಳುವುದು ಅಪರೂಪವಲ್ಲ. ಅಂದಿನ ಬೆಳಗಿನ ಡೋಸ್ ಏನು ಮಾಡಬೇಕೆಂದು ಹಿಂದಿನ ದಿನವೇ ಕೇಳಿ, ಬರೆದಿಟ್ಟುಕೊಳ್ಳಿ.

ಬಾಯಿ-ಕತ್ತಿನವರು ಗಡ್ಡ ಮೀಸೆ ಪೂರ್ತಿ ಬೋಳಿಸಿ, ತಲೆಕೂದಲು ಸಣ್ಣ ಮಾಡಿ ಹೋಗಿ. ಉದ್ದ ಕೂದಲಿನ ಹೆಂಗಸರು ತುರುಬು ಕಟ್ಟಬೇಡಿ, ತಲೆಯ ಹಿಂದೆ ಉಂಡೆ ಇದ್ದರೆ ಕತ್ತಿನ ಕೋನವೇ ಬದಲಾಗುತ್ತದೆ. ಆ ದಿನ ಹೇಗೆ ಕಟ್ಟಿದ್ದಿರೋ ದಿನಾ ಹಾಗೆಯೇ. ಕರಿಮಣಿ, ಓಲೆ, ಮೂಗುತಿ ತೆಗೆಯಬೇಕಾಗುತ್ತದೆ. ಮೂಗುತಿಯ ತಿರುಪು ವರ್ಷಗಟ್ಟಲೆ ಬಿಗಿದಿದ್ದರೆ ಅಕ್ಕಸಾಲಿಗನ ಹತ್ತಿರ ಹಿಂದಿನ ದಿನವೇ ಬಿಚ್ಚಿಸಿ, ಸಿ.ಟಿ. ಕೋಣೆಯಲ್ಲಿ ಅದಕ್ಕೆ ಹೆಣಗಾಡಲು ಹೊತ್ತಿಲ್ಲ. ಕಟ್ಟಿಸಿದ ಹಲ್ಲಿನ ಸೆಟ್ ಹಾಕಿಕೊಳ್ಳಬೇಕೋ ತೆಗೆಯಬೇಕೋ ಎಂದು ಕೇಳಿ, ಆಮೇಲೆ ಎಲ್ಲ ದಿನವೂ ಅದೇ ಪ್ರಕಾರ.

ಮಾಸ್ಕ್ ಒಂದು ಪ್ಲಾಸ್ಟಿಕ್ ಹಾಳೆ. 65–70 ಡಿಗ್ರಿ ನೀರಿನಲ್ಲಿ ಹಾಕಿದರೆ ಬಟ್ಟೆಯ ಹಾಗೆ ಮೆತ್ತಗಾಗುತ್ತದೆ. ನೀರು ಒರಸಿ ಮುಖದ ಮೇಲೆ ಎಳೆದು ಎರಡೂ ಬದಿ ಹಲಗೆಗೆ ಸಿಕ್ಕಿಸುತ್ತಾರೆ. ಬಿಸಿ ಒದ್ದೆ ಟವೆಲು ಮುಚ್ಚಿದ ಹಾಗೆ ಅನಿಸುತ್ತದೆ, ಸುಡುವುದಿಲ್ಲ. ತುಂಬ ತೂತುಗಳಿರುವುದರಿಂದ ಉಸಿರಾಟಕ್ಕೆ ತೊಂದರೆ ಇಲ್ಲ. ಆರುತ್ತಾ 10–15 ನಿಮಿಷದಲ್ಲಿ ಗಟ್ಟಿಯಾಗಿ ಸ್ವಲ್ಪ ಬಿಗಿಯುತ್ತದೆ. ಆ ಬಿಗಿ ಬೇಕಾದ್ದೇ. ಆದರೆ ಹಣೆ, ಗಲ್ಲ ಎಲ್ಲಾದರೂ ಒಂದು ಕಡೆ ಒತ್ತಿ ನೋಯುತ್ತಿದ್ದರೆ ಆಗಲೇ ಹೇಳಿ. ಸಹಿಸಿಕೊಂಡು ಸುಮ್ಮನಿದ್ದರೆ 33 ದಿನ ಸಹಿಸಬೇಕು. ಮಾಸ್ಕ್ ಗಟ್ಟಿಯಾಗುವಾಗ ನಗುವುದು, ಉಗುಳು ನುಂಗಲು ಗಲ್ಲ ಎತ್ತುವುದು, ಭುಜ ಕುಗ್ಗಿಸುವುದು ಬೇಡ. ಆ ಕ್ಷಣದ ಮುಖವೇ ಅಚ್ಚಾಗಿ ಉಳಿಯುತ್ತದೆ.

ಮುಚ್ಚಿದ ಜಾಗಕ್ಕೆ ಹೆದರುವವರು ಮೊದಲೇ ತಿಳಿಸಿ. ಮನೆಯಲ್ಲಿ ತೆಳು ಬೈರಾಸು ಮುಖದ ಮೇಲೆ ಹಾಕಿ, ದಿಂಬಿಲ್ಲದೆ ಅಂಗಾತ ಮಲಗಿ ಹತ್ತು ನಿಮಿಷ ಅಭ್ಯಾಸ ಮಾಡುವುದು ಬಹಳ ಮಂದಿಗೆ ಉಪಯೋಗವಾಗಿದೆ.

ಸಿ.ಟಿ. ಆದಮೇಲೆ ಮಾಸ್ಕಿನ ಮೇಲೆ ಅಥವಾ ಚರ್ಮದ ಮೇಲೆ ಗುರುತು ಹಾಕುತ್ತಾರೆ. ಕೆಲವು ಕಡೆ ಸೂಜಿಮೊನೆಯಷ್ಟು ಹಚ್ಚೆ, ಕೆಲವು ಕಡೆ ಮಾರ್ಕರ್ ಪೆನ್ನು. ಪೆನ್ನಿನ ಗುರುತಿಗೆ ನಮ್ಮ ಊರಿನ ಬೆವರೇ ಶತ್ರು. ಎದೆ ಅಥವಾ ಹೊಟ್ಟೆಯ ಮೇಲೆ ಗುರುತು ಇರುವವರು ಸೋಪು ಅಲ್ಲಿಗೆ ಮುಟ್ಟಿಸದೆ ನೀರು ಇಳಿಸಿ, ಉಜ್ಜದೆ ಒತ್ತಿ ಒರಸಿ. ಮಾಸಿದರೆ ಮನೆಯಲ್ಲಿ ಪೆನ್ನಿನಿಂದ ತಿದ್ದಬೇಡಿ. ಒಂದು ಸೆಂಟಿಮೀಟರ್ ಆಚೆ ತಿದ್ದಿದ ಗೆರೆ, ಗೆರೆ ಇಲ್ಲದಿರುವುದಕ್ಕಿಂತ ಅಪಾಯ. ಮಾಸಿದೆ ಎಂದು ಹೇಳಿ, ಅವರೇ ಹಾಕುತ್ತಾರೆ.

ತಲಶ್ಶೇರಿಗೆ ಹೋಗುವ, ಮಲಯಾಳ ಬಾರದ ಹಿರಿಯರಿಗೆ ಎರಡು ಮಾತು ಕಲಿಸಿ ಕಳುಹಿಸಿ: ‘ಅನಙ್ಙರುದ್’ ಎಂದರೆ ಅಲುಗಾಡಬೇಡಿ, ‘ಶ್ವಾಸಂ ಪಿಡಿಕ್ಕೂ’ ಎಂದರೆ ಉಸಿರು ಹಿಡಿಯಿರಿ. ಕೋಣೆಯೊಳಗೆ ಜೊತೆಗೆ ಯಾರೂ ಇರುವುದಿಲ್ಲ, ಮಾತು ಸ್ಪೀಕರಿನಿಂದ ಬರುತ್ತದೆ.

## 7. ಮೋಲ್ಡ್‌ಗೂ ಮೊದಲ ಸಿಟ್ಟಿಂಗ್‌ಗೂ ನಡುವೆ

ಈ ದಿನಗಳಲ್ಲಿ ಡಾಕ್ಟರು ಸಿ.ಟಿ.ಯ ಒಂದೊಂದು ಪದರದ ಮೇಲೂ ಗಡ್ಡೆ, ಬೆನ್ನುಹುರಿ, ಜೊಲ್ಲುಗ್ರಂಥಿ ಎಂದು ಗೆರೆ ಎಳೆಯುತ್ತಾರೆ, ಭೌತವಿಜ್ಞಾನಿ ಲೆಕ್ಕ ಹಾಕಿ ಯಂತ್ರದಲ್ಲಿ ಪರೀಕ್ಷಿಸುತ್ತಾರೆ. ‘ಕ್ಯಾನ್ಸರ್ ಎಂದು ಗೊತ್ತಿದ್ದೂ ಒಂದು ವಾರ ಸುಮ್ಮನೆ ಕೂರಿಸಿದರು’ ಎಂದು ಆಸ್ಪತ್ರೆ ಬದಲಾಯಿಸಬೇಡಿ. ಬದಲಾಯಿಸಿದರೆ ಮಾಸ್ಕಿನಿಂದ ಹಿಡಿದು ಎಲ್ಲವೂ ಮೊದಲಿನಿಂದ.

ನೀವು ಮಾಡಬೇಕಾದ್ದು ದಾರಿಯ ವ್ಯವಸ್ಥೆ. ಕೇರಳದಲ್ಲಿ ಹರತಾಳ ಎಂದರೆ ಬಸ್ಸಿಲ್ಲ, ಆದರೆ ಮಂಗಳೂರಿನಲ್ಲಿ ಯಂತ್ರ ನಡೆಯುತ್ತಿರುತ್ತದೆ. ‘ಇವರಿಗೆ ದಿನಾ ರೇಡಿಯೇಷನ್ ಇದೆ’ ಎಂಬ ಪತ್ರವನ್ನು ಆಸ್ಪತ್ರೆಯ ಸೀಲು ಹಾಕಿಸಿ ಇಟ್ಟುಕೊಳ್ಳಿ, ಕರೆದರೆ ಬರುವ ಒಂದು ಗಾಡಿಯವರ ನಂಬರು ಇರಲಿ. ಓಣಂ ರಜೆ ಇಲ್ಲಿ, ಚೌತಿ ರಜೆ ಅಲ್ಲಿ ಎಂಬ ಗೊಂದಲ ಬೇಡ. ವಿಭಾಗದ ರಜಾಪಟ್ಟಿಯನ್ನೇ ಕೇಳಿ ತನ್ನಿ. ಮಳೆಗಾಲದಲ್ಲಿ ಒಂದು ರೈಲು ಮೊದಲೇ ಹಿಡಿಯಿರಿ.

ಒಂದೆರಡು ದಿನ ತಪ್ಪಿದರೆ ಏನು ಎಂದು ಕೇಳುವವರಿಗೆ ಲೆಕ್ಕ ಇದೆ. ಬಾಯಿ-ಗಂಟಲಿನ ಕಾಯಿಲೆಯಲ್ಲಿ ಚಿಕಿತ್ಸೆ ಒಂದು ದಿನ ಉದ್ದವಾದರೆ ಗಡ್ಡೆ ಹಿಡಿತಕ್ಕೆ ಬರುವ ಸಂಭವ ಸುಮಾರು 1% ಅಥವಾ ತುಸು ಹೆಚ್ಚೇ ಇಳಿಯುತ್ತದೆ. ಗರ್ಭಕಂಠದಲ್ಲಿ ಬ್ರಾಕಿಥೆರಪಿಯೂ ಸೇರಿ 8 ವಾರದೊಳಗೆ ಮುಗಿಯಬೇಕು. ಹೊರಗಿನ 25 ಸಿಟ್ಟಿಂಗ್ ಮುಗಿಸಿ, ರಕ್ತಸ್ರಾವ ನಿಂತಿತು ಎಂದು ಮನೆಯಲ್ಲೇ ಉಳಿಯುವವರು ಅರ್ಧ ಚಿಕಿತ್ಸೆಗೇ ನಿಲ್ಲಿಸಿದ ಹಾಗೆ. ತಪ್ಪಿದ ದಿನ ಆ ದಿನವೇ ಫೋನು ಮಾಡಿ. ಶನಿವಾರ ಕೊಟ್ಟೋ, ಒಂದೇ ದಿನ ಆರು ಗಂಟೆಯ ಅಂತರದಲ್ಲಿ ಎರಡು ಸಲ ಕೊಟ್ಟೋ ಕೆಲವೊಮ್ಮೆ ಸರಿದೂಗಿಸುತ್ತಾರೆ.

## 8. ದಿನಾ ಮೇಜಿಗೆ ಏರುವ ಮೊದಲು: ನೀರಿನ ಲೆಕ್ಕ

ಗರ್ಭಕಂಠ, ಪ್ರೋಸ್ಟೇಟ್, ಕಿಬ್ಬೊಟ್ಟೆಯ ಚಿಕಿತ್ಸೆಯಲ್ಲಿ ಮೂತ್ರಕೋಶ ತುಂಬಿದ್ದರೆ ಕರುಳು ಮೇಲಕ್ಕೆ ಸರಿದು ಕಿರಣದ ದಾರಿಯಿಂದ ತಪ್ಪಿಸಿಕೊಳ್ಳುತ್ತದೆ. ಸಾಮಾನ್ಯ ಕ್ರಮ: ಪೂರ್ತಿ ಮೂತ್ರ ಮಾಡಿ, 10 ನಿಮಿಷದೊಳಗೆ ಅರ್ಧ ಲೀಟರ್ ನೀರು ಕುಡಿದು, 45 ನಿಮಿಷ ಕಾಯುವುದು. ನಿಮ್ಮ ಆಸ್ಪತ್ರೆಯ ಅಳತೆ ಬೇರೆ ಇದ್ದರೆ ಅದನ್ನೇ ಪಾಲಿಸಿ. ಅರ್ಧ ಲೀಟರಿನ ಒಂದೇ ಬಾಟಲಿಯನ್ನು ಕೊನೆಯವರೆಗೂ ಇಟ್ಟುಕೊಳ್ಳಿ. ‘ಎರಡು ಲೋಟ’ ಎಂಬ ಅಳತೆ ದಿನಕ್ಕೊಂದು ತೆರ.

ಕಾಸರಗೋಡಿನಿಂದ ಹೊರಡುವಾಗಲೇ ಕುಡಿಯುವುದು ದೊಡ್ಡ ತಪ್ಪು. ಹೈವೇಯಲ್ಲಿ ಬಸ್ಸು ನಿಂತರೆ ದಾರಿಯಲ್ಲೇ ಇಳಿಯಬೇಕಾಗುತ್ತದೆ, ತಲುಪುವಾಗ ಕೋಶ ಖಾಲಿ. ವಿಭಾಗಕ್ಕೆ ತಲುಪಿ, ನಿಮಗಿಂತ ಮೊದಲು ಎಷ್ಟು ಮಂದಿ ಇದ್ದಾರೆ ಎಂದು ಕೌಂಟರಿನಲ್ಲಿ ಕೇಳಿ, ಆಮೇಲೆ ಬಾಟಲಿ ಮುಚ್ಚಳ ಬಿಚ್ಚಿ. ಯಂತ್ರ ಕೆಟ್ಟು ತಡವಾಗಿ, ತಡೆಯಲಾರದೆ ಮೂತ್ರ ಮಾಡಿಬಿಟ್ಟರೆ ಅದನ್ನು ಹೇಳಿ ಮತ್ತೆ ಕುಡಿಯಿರಿ. ನಾಚಿಕೊಂಡು ಖಾಲಿ ಕೋಶದಲ್ಲಿ ಮಲಗಿದರೆ ಕಿರಣ ಬೀಳುವುದು ಕರುಳಿನ ಮೇಲೆ, ಭೇದಿ ಶುರುವಾಗುವುದು ಮೂರನೆಯ ವಾರ.

ಮಲಬದ್ಧತೆಯೂ ಹೀಗೆಯೇ. ತುಂಬಿದ ಗುದನಾಳ ಗರ್ಭಕಂಠವನ್ನೂ ಪ್ರೋಸ್ಟೇಟನ್ನೂ ಮುಂದಕ್ಕೆ ತಳ್ಳುತ್ತದೆ. ಹಲಸಿನಹಣ್ಣು, ಕಡಲೆ, ಅಲಸಂಡೆ ಕಾಳು ಚಿಕಿತ್ಸೆ ಮುಗಿಯುವವರೆಗೆ ಬೇಡ, ವಾಯು ತುಂಬುತ್ತದೆ.

ಉಳಿದ ಕಾಯಿಲೆಯವರಿಗೆ ನೀರಿನ ಈ ಲೆಕ್ಕ ಇಲ್ಲ. ಒಳಗೆ ಹೋಗಿ ಬರುವುದು 10–20 ನಿಮಿಷ, ಮೊದಲ ದಿನ ಮಾತ್ರ ಪರೀಕ್ಷಾ ಚಿತ್ರಗಳಿಂದಾಗಿ ಹೆಚ್ಚು ಹೊತ್ತು. ಏನಾದರೂ ತೊಂದರೆ ಆದರೆ ಕೈ ಎತ್ತಿ, ಕ್ಯಾಮೆರಾದಲ್ಲಿ ನೋಡುತ್ತಿರುತ್ತಾರೆ. ಹೊರಗಿನಿಂದ ಕೊಡುವ ರೇಡಿಯೇಷನ್ ಮೈಯಲ್ಲಿ ಉಳಿಯುವುದಿಲ್ಲ. ಮೊಮ್ಮಗುವನ್ನು ಎತ್ತಿಕೊಳ್ಳಬಹುದು, ಬೇರೆ ಬಟ್ಟಲು ಬೇಕಿಲ್ಲ.

## 9. ಚರ್ಮ ಮತ್ತು ಬಾಯಿ

ಎರಡನೆಯ ವಾರದ ನಂತರ ಚರ್ಮ ಕಪ್ಪಾಗುತ್ತದೆ, ತುರಿಸುತ್ತದೆ, ಕತ್ತಿನ ಮಡಿಕೆಯಲ್ಲೋ ಕಂಕುಳಲ್ಲೋ ಸುಲಿಯಬಹುದು. ತೆಂಗಿನೆಣ್ಣೆ, ಅರಿಶಿನ, ಸುಣ್ಣ, ಗಂಧ, ಭಸ್ಮ, ಪೌಡರು ಯಾವುದೂ ಆ ಜಾಗಕ್ಕೆ ಬೇಡ. ಡಾಕ್ಟರು ಕೊಟ್ಟ ಕ್ರೀಮನ್ನೂ ಸಿಟ್ಟಿಂಗ್‌ಗೆ ಮುಂಚೆ ದಪ್ಪಗೆ ಬಳಿಯಬಾರದು, ಮುಗಿಸಿ ಬಂದು ತೆಳ್ಳಗೆ ಹಚ್ಚಿ. ಬಚ್ಚಲೊಲೆಯ ಸುಡುನೀರು ಬೇಡ, ಉಗುರುಬೆಚ್ಚಗಿರಲಿ. ಕಾಲರ್ ಇಲ್ಲದ ಹಳೆ ಹತ್ತಿ ಅಂಗಿ ಒಳ್ಳೆಯದು. ಗಡ್ಡಕ್ಕೆ ಬ್ಲೇಡು ಬೇಡ, ಕರೆಂಟಿನ ಟ್ರಿಮ್ಮರು ಆಗಬಹುದು.

ಬಾಯಿ ತೊಳೆಯುವ ನೀರು ಹೀಗೆ: ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡಿಗೆ ಸೋಡಾ. ಬಟ್ಟೆ ಸೋಡಾ ಅಲ್ಲ, ಬೇಕಿಂಗ್ ಪೌಡರೂ ಅಲ್ಲ. ದಿನಕ್ಕೆ 6–8 ಸಲ ಮುಕ್ಕಳಿಸಿ ಉಗುಳಿ, ದಿನಾ ಹೊಸತು ಮಾಡಿ. ಹುಣ್ಣು ಬಂದಮೇಲೆ ಶುರು ಮಾಡುವುದಲ್ಲ, ಮೊದಲ ಸಿಟ್ಟಿಂಗಿನ ದಿನವೇ. ಅಂಗಡಿಯ ಖಾರದ ಮೌತ್‌ವಾಶ್‌ಗಳಲ್ಲಿ ಆಲ್ಕೊಹಾಲ್ ಇರುವುದುಂಟು, ಅದು ಉರಿ ಏರಿಸುತ್ತದೆ. ಪುನರ್ಪುಳಿ, ಲಿಂಬೆ, ಉಪ್ಪಿನಕಾಯಿ, ಮೆಣಸಿನ ಗಸಿ ನಿಲ್ಲಿಸಿ. ನೀರುದೋಸೆಯನ್ನು ಹಾಲಿನಲ್ಲಿ ನೆನೆಸಿ, ಸೇಮಿಗೆಗೆ ತೆಂಗಿನಹಾಲು ಹಾಕಿ ತಿಂದರೆ ಗಂಟಲಿಗೆ ಇಳಿಯುತ್ತದೆ. ನೋವಿನ ಮದ್ದನ್ನು ಊಟಕ್ಕೆ ಅರ್ಧ ಗಂಟೆ ಮೊದಲು ತೆಗೆದುಕೊಳ್ಳಿ, ಊಟವಾದ ಮೇಲಲ್ಲ.

ವಾರಕ್ಕೊಂದು ದಿನ, ಒಂದೇ ತಕ್ಕಡಿಯಲ್ಲಿ ತೂಕ ನೋಡಿ ಬರೆದಿಡಿ. ಮಾಸ್ಕಿನೊಳಗೆ ಗಲ್ಲ ಆಡುತ್ತಿದೆ ಅನಿಸಿದರೆ ಆ ದಿನವೇ ಹೇಳಿ, ಹೊಸ ಮಾಸ್ಕ್, ಹೊಸ ಸಿ.ಟಿ. ಬೇಕಾಗಬಹುದು.

## 10. ಮರುದಿನಕ್ಕೆ ಕಾಯಬಾರದ ಲಕ್ಷಣಗಳು

ಮನೆಯಲ್ಲಿ ಡಿಜಿಟಲ್ ಥರ್ಮಾಮೀಟರ್ ಇರಲಿ. 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಅದರಲ್ಲೂ ಜೊತೆಗೆ ಕೀಮೋ ಇದ್ದರೆ, ಪ್ಯಾರಾಸಿಟಮಾಲ್ ನುಂಗಿ ಬೆಳಗಾಗಲಿ ಎಂದು ಮಲಗಬೇಡಿ. ಬಿಳಿರಕ್ತಕಣ ಇಳಿದಿರುವಾಗ ಬರುವ ಜ್ವರ ಗಂಟೆಗಳಲ್ಲಿ ಕೆಡುತ್ತದೆ.

ನೀರೂ ಇಳಿಯದ ಗಂಟಲು, ಉಸಿರೆಳೆಯುವಾಗ ಸೀಟಿಯಂಥ ಸದ್ದು, ನಿಲ್ಲದ ರಕ್ತ, ಒಂದು ದಿನ ದಾಟಿದ ವಾಂತಿ, ಮೂತ್ರ ಕಟ್ಟುವುದು, ದಿನಕ್ಕೆ ಐದಾರು ಸಲ ನೀರಾದ ಭೇದಿ, ಇವಕ್ಕೆ ತುರ್ತು ವಿಭಾಗವೇ ದಾರಿ. ತಲೆಗೆ ಕೊಡಿಸುತ್ತಿರುವವರಲ್ಲಿ ತಲೆನೋವಿನ ಜೊತೆ ವಾಂತಿ, ಮಂಪರು ಕಂಡರೆ ಮೆದುಳು ಊದಿರಬಹುದು. ಅವರಿಗೆ ಕೊಟ್ಟ ಸ್ಟಿರಾಯ್ಡ್ ಮಾತ್ರೆಯನ್ನು ಮನೆಯವರು ತಾವಾಗಿ ನಿಲ್ಲಿಸಬಾರದು. ಬೆನ್ನುಮೂಳೆಗೆ ಕಾಯಿಲೆ ಹರಡಿದವರಲ್ಲಿ ಕಾಲು ಸೋಲುವುದು, ಜೋಮು ಹಿಡಿಯುವುದು, ಮೂತ್ರ ತಿಳಿಯದೆ ಹೋಗುವುದು ಕಂಡರೆ ಅಂದೇ ರಾತ್ರಿ ಹೊರಡಿ. ಒಂದೆರಡು ದಿನ ತಡವಾದರೂ ಆ ಕಾಲು ಮತ್ತೆ ಬರುವ ಭರವಸೆ ಇಲ್ಲ.

## 11. ಕೊನೆಯ ಸಿಟ್ಟಿಂಗಿನ ದಿನ ತರಬೇಕಾದ ಕಾಗದ

ಹುಣ್ಣು, ಸುಸ್ತು ಮುಗಿದ ದಿನವೇ ಇಳಿಯುವುದಿಲ್ಲ. ಮುಂದಿನ ಎರಡು ವಾರ ಇನ್ನೂ ಏರಬಹುದು, ನಾಲ್ಕರಿಂದ ಆರು ವಾರದಲ್ಲಿ ತಗ್ಗುತ್ತದೆ. ಆದ್ದರಿಂದ ನೋವಿನ ಮದ್ದು, ಟ್ಯೂಬು, ಮುಕ್ಕಳಿಸುವ ನೀರು ಮುಗಿದ ದಿನವೇ ನಿಲ್ಲಿಸಬೇಡಿ.

ಹೊರಡುವ ಮೊದಲು ಟ್ರೀಟ್‌ಮೆಂಟ್ ಸಮ್ಮರಿ ಕೇಳಿ ಪಡೆಯಿರಿ. ಅದರಲ್ಲಿ ಯಾವ ಜಾಗಕ್ಕೆ, ಒಟ್ಟು ಎಷ್ಟು ಗ್ರೇ (ರೇಡಿಯೇಷನ್ ಡೋಸಿನ ಅಳತೆ), ಎಷ್ಟು ಸಿಟ್ಟಿಂಗ್, ಯಾವ ತಾರೀಕಿನಿಂದ ಯಾವ ತಾರೀಕು ಎಂಬುದು ಇರಬೇಕು. ಎರಡು ಜೆರಾಕ್ಸ್ ಮಾಡಿ ಒಂದನ್ನು ಆಧಾರ್ ಜೊತೆ ಇಡಿ, ಇನ್ನೊಂದನ್ನು ಊರಿನ ಡೆಂಟಿಸ್ಟ್‌ಗೆ ಕೊಡಿ. ಕತ್ತಿಗೆ ಕೊಡಿಸಿದವರು 6–12 ತಿಂಗಳಿಗೊಮ್ಮೆ ಥೈರಾಯ್ಡ್‌ನ ಟಿ.ಎಸ್.ಎಚ್. ಪರೀಕ್ಷೆ ಮಾಡಿಸಬೇಕು, ಅದಕ್ಕೆ ಮಂಗಳೂರಿಗೆ ಹೋಗಬೇಕಿಲ್ಲ, ಊರಿನ ಲ್ಯಾಬಿನಲ್ಲೇ ಆಗುತ್ತದೆ.